ಉಳಿಸಿಟ್ಟ 412 ಚಿತ್ರಗಳು, ಒಂದೇ ಮದುವೆ: ಕಂಡದ್ದನ್ನು ನಕಲು ಮಾಡಬೇಕೆ, ನಮ್ಮದೇ ಅಲಂಕಾರ ರೂಪಿಸಿಕೊಳ್ಳಬೇಕೆ?

ಮದುಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ಮದುವೆಗೆ ಇನ್ನು ಐದು ತಿಂಗಳಿದೆ. ವರ್ಷದಿಂದ ರಾತ್ರಿ ಮಲಗುವ ಮುನ್ನ ಮೊಬೈಲಿನಲ್ಲಿ ಮದುವೆ ಅಲಂಕಾರದ ಚಿತ್ರಗಳನ್ನು ನೋಡುವುದು, ಮೆಚ್ಚಿದ್ದನ್ನು ಉಳಿಸಿಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಮೊನ್ನೆ ಎಣಿಸಿದರೆ 412 ಇದ್ದವು. ಅದರಲ್ಲಿ ಹನ್ನೆರಡನ್ನು ಆರಿಸಿ ಅಲಂಕಾರ ಮಾಡುವವರೊಬ್ಬರಿಗೆ ತೋರಿಸಿದೆ. ಅವರು ಒಂದೊಂದನ್ನೂ ನಿಧಾನವಾಗಿ ನೋಡಿ, ಮೊಬೈಲನ್ನು ನನ್ನ ಕಡೆಗೆ ತಿರುಗಿಸಿ, "ಇಷ್ಟರಲ್ಲಿ ಒಂದು ಚಿತ್ರದಲ್ಲಾದರೂ ಕುರ್ಚಿಯ ಮೇಲೆ ಜನ ಕುಳಿತಿದ್ದಾರೆಯೇ ನೋಡಿ" ಎಂದರು. ಒಂದರಲ್ಲೂ ಇರಲಿಲ್ಲ. ಅಷ್ಟು ದಿನ ನೋಡಿದ್ದರೂ ನನಗದು ಹೊಳೆದೇ ಇರಲಿಲ್ಲ.

ನನಗೆ ಬಹಳ ಹಿಡಿಸಿದ್ದು ಏಳನೆಯ ಚಿತ್ರ. ವೇದಿಕೆಯ ಹಿಂದೆ ಇಡೀ ಗೋಡೆಯೇ ಬಿಳಿ ಹೂವು. ಉಳಿದ ಗೋಡೆಗಳಿಗೆಲ್ಲ ನೆರಿಗೆ ನೆರಿಗೆಯಾಗಿ ಇಳಿಬಿಟ್ಟ ಕೆನೆಬಣ್ಣದ ಬಟ್ಟೆ. "ಬೇಕಾದರೆ ಹೀಗೆಯೇ ಮಾಡಿಕೊಡುತ್ತೇನೆ, ಆದರೆ ನಿಮ್ಮ ಸಭಾಂಗಣಕ್ಕೆ ಇದು ಒಪ್ಪುವುದಿಲ್ಲ" ಎಂದರು. ಅಮ್ಮ, "ಯಾರದೋ ಮದುವೆಯನ್ನು ಮತ್ತೆ ಯಾಕೆ ಮಾಡಬೇಕು, ನಿನ್ನದನ್ನು ಮಾಡು" ಎನ್ನುತ್ತಾರೆ. ಆದರೆ "ನನ್ನದು" ಎಂದರೆ ಏನು ಎಂಬುದೇ ನನಗೆ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಅನುಭವವಿರುವವರು ದಯವಿಟ್ಟು ಹೇಳಿ.

ಅಲಂಕಾರದ ಕೈ:

ತಂಗಿ, ನಾನೂ ಅದೇ ಕೆಲಸದವಳು. ನಿಮಗೆ ಆ ಪ್ರಶ್ನೆ ಕೇಳಿದವರು ಒಳ್ಳೆಯವರು, ಅವರನ್ನು ಬಿಡಬೇಡಿ.

ಜಾಲದಲ್ಲಿ ಓಡಾಡುವ ಎಷ್ಟೋ ಚಿತ್ರಗಳು ಮದುವೆಯಲ್ಲಿ ತೆಗೆದವೇ ಅಲ್ಲ. ನಾವು ಅದನ್ನು ಸ್ಟೈಲ್ಡ್ ಶೂಟ್ ಎನ್ನುತ್ತೇವೆ. ಅಲಂಕಾರ ಮಾಡುವವರು, ಛಾಯಾಗ್ರಾಹಕರು, ಉಡುಪು ಹೊಲಿಯುವವರು, ಮೇಕಪ್ ಕಲಾವಿದರು ಸೇರಿ ತಮ್ಮ ಕೆಲಸ ತೋರಿಸಲು ಒಂದು ಮೂಲೆಯನ್ನು ಸಿಂಗರಿಸುತ್ತೇವೆ. ರೂಪದರ್ಶಿಗಳು ಬಂದು ನಿಲ್ಲುತ್ತಾರೆ. ಬೆಳಕು ಚೆನ್ನಾಗಿರುವ ಎರಡು ಗಂಟೆಯಲ್ಲಿ ಚಿತ್ರ ತೆಗೆದು ಸಂಜೆಯೊಳಗೆ ಎಲ್ಲವನ್ನೂ ಬಿಚ್ಚುತ್ತೇವೆ. ಇದು ಮೋಸವಲ್ಲ, ನಮ್ಮ ಕಲೆಯ ಪ್ರದರ್ಶನ. ನಾನೂ ಮಾಡಿದ್ದೇನೆ. ಆದರೆ ಅಲ್ಲಿ ಮಗು ಓಡಾಡುವುದಿಲ್ಲ, ವಯಸ್ಸಾದವರು ಮೆಟ್ಟಿಲು ಹತ್ತುವುದಿಲ್ಲ, ನೂರಾರು ಜನ ಸಾಲಾಗಿ ಬಂದು ಕೈಕುಲುಕುವುದಿಲ್ಲ. ಮದುವೆಯೊಂದು ಹೊರಬೇಕಾದ ಭಾರ ಯಾವುದನ್ನೂ ಆ ಅಲಂಕಾರ ಹೊತ್ತಿರುವುದಿಲ್ಲ.

ಇನ್ನು ಅಳತೆ. ಚಿತ್ರದಲ್ಲಿ ಕಾಣುವ ಹೂವಿನ ಗೋಡೆ ಎರಡೂವರೆ ಮೀಟರ್ ಅಗಲ, ಅಷ್ಟೇ ಎತ್ತರ ಇದೆ ಎಂದುಕೊಳ್ಳಿ. ಚೌಕಟ್ಟಿನ ಆಚೆಗೆ ಬರಿಯ ಗೋಡೆ. ನಿಮ್ಮ ವೇದಿಕೆ 9 ಮೀಟರ್ ಅಗಲ, 4 ಮೀಟರ್ ಎತ್ತರ ಇದ್ದರೆ ಅದೇ ಗೋಡೆಗೆ ಹೆಚ್ಚುಕಡಿಮೆ ಆರು ಪಟ್ಟು ಹೂವು ಬೇಕು. ಅಷ್ಟು ಹೂವು ತರಲಾಗದೆ ನಡುವೆ ಸಂದು ಬಿಟ್ಟರೆ ಚಿತ್ರದಲ್ಲಿ ತುಂಬಿ ತುಳುಕುತ್ತಿದ್ದದ್ದು ಇಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ. ಆಮೇಲೆ ಬೇಸರ ಮಾಡಿಕೊಳ್ಳುವವರು ನೀವು, ಮಾತು ಕೇಳುವವರು ನಾವು.

ಎರಡು ವರ್ಷದಿಂದ ಹೊಸದೊಂದು ಕಷ್ಟ ಸೇರಿಕೊಂಡಿದೆ. ಕಂಪ್ಯೂಟರ್ ತಾನೇ ರಚಿಸಿದ ಚಿತ್ರಗಳನ್ನು ತಂದು "ಹೀಗೇ ಬೇಕು" ಎನ್ನುತ್ತಾರೆ. ಸಾವಿರಾರು ಹೂವು ಚಾವಣಿಯಿಂದ ತೂಗುತ್ತಿರುತ್ತವೆ, ಆದರೆ ಅವನ್ನು ಹಿಡಿದಿಡುವ ಒಂದು ತಂತಿಯೂ ಇರುವುದಿಲ್ಲ. ಕುರ್ಚಿಗೆ ಕಾಲು ಮೂರೇ ಇರುತ್ತದೆ. ಮೇಣದಬತ್ತಿಗಳಿಗೆ ಬತ್ತಿ ಇರುವುದಿಲ್ಲ. ಹೂವು ಚುಚ್ಚುವ ಫೋಮಿನ ಒಂದು ಸಾಧಾರಣ ಇಟ್ಟಿಗೆ ನೀರು ಕುಡಿದರೆ ಸುಮಾರು 2 ಕಿಲೋ ತೂಗುತ್ತದೆ. ತಲೆಯ ಮೇಲೆ ಅಂಥ ಐವತ್ತು ಇಟ್ಟಿಗೆ ತೂಗುಹಾಕುವುದೆಂದರೆ 100 ಕಿಲೋ. ಚಾವಣಿ ತಡೆಯುತ್ತದೆಯೇ ಎಂದು ಕಟ್ಟಡದವರನ್ನು ಕೇಳದೆ ನಾನಂತೂ ಏಣಿ ಹತ್ತುವುದಿಲ್ಲ.

ಹೂವಾಡಿಗ:

ಅಕ್ಕ ಹೇಳಿದ್ದಕ್ಕೆ ಹೂವಿನ ಮಾತನ್ನು ನಾನು ಸೇರಿಸುತ್ತೇನೆ. ಚಿತ್ರಕ್ಕೆ ಋತು ಇರುವುದಿಲ್ಲ, ಹೂವಿಗೆ ಇರುತ್ತದೆ. ಪಿಯೋನಿ ವಸಂತದ ಕೊನೆ ಮತ್ತು ಬೇಸಿಗೆಯ ಆರಂಭದ ಕೆಲವೇ ವಾರ ಅರಳುವ ಹೂವು. ಬೇರೆ ಕಾಲದಲ್ಲಿ ಬೇಕೆಂದರೆ ಭೂಗೋಳದ ಇನ್ನೊಂದು ಅರ್ಧದಿಂದ ವಿಮಾನದಲ್ಲಿ ಬರಬೇಕು. ಹೈಡ್ರೇಂಜಿಯಾ ಚಿತ್ರದಲ್ಲಿ ಮೋಡದಂತೆ ಕಾಣುತ್ತದೆ. ಆದರೆ ನೀರಿನ ಆಸರೆ ಇಲ್ಲದೆ ಕಟ್ಟಿದರೆ, ಅದೂ ಸೆಕೆಯಲ್ಲಿ, ಕೆಲವೇ ಗಂಟೆಗಳಲ್ಲಿ ತಲೆ ಬಾಗಿಸುತ್ತದೆ. ಬಾಡಿದ ಗೊಂಚಲನ್ನು ತಲೆಕೆಳಗಾಗಿ ನೀರಿನಲ್ಲಿ ಮುಳುಗಿಸಿಟ್ಟರೆ ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ವೇದಿಕೆಯ ಹಿಂದೆ ಕಟ್ಟಿದ ಮೇಲೆ ಯಾರು ಮುಳುಗಿಸಿಯಾರು? ಟ್ಯೂಲಿಪ್ ಕೊಯ್ದ ಮೇಲೂ ಬೆಳೆಯುತ್ತದೆ, ಬೆಳಕಿನತ್ತ ಬಾಗುತ್ತದೆ. ಬೆಳಿಗ್ಗೆ ನೆಟ್ಟಗೆ ಜೋಡಿಸಿದ್ದು ಮರುದಿನ ಕಿಟಕಿಯ ಕಡೆ ಕತ್ತು ಚಾಚಿರುತ್ತದೆ.

ಮೇಲೆ ಹೇಳಿದ ಫೋಮ್ ಬಳಕೆಗೆ ಬಂದದ್ದು 1954ರಲ್ಲಿ. ಕೆಲಸ ಸುಲಭವಾಯಿತು, ನಿಜ. ಆದರೆ ಅದು ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗುವುದಿಲ್ಲ, ಪುಡಿಯಾಗಿ ನೀರು ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ 2021ರಿಂದ ಅದನ್ನು ನಿಷೇಧಿಸಿದೆ. ತಂತಿಯ ಬಲೆ, ಜಪಾನಿನವರ ಮುಳ್ಳುಹಲಗೆ ಕೆನ್ಜಾನ್, ನೀರು ತುಂಬಿದ ಗಾಜಿನ ಸಣ್ಣ ನಳಿಗೆಗಳು, ಇವುಗಳಿಂದಲೂ ಅಂದವಾಗಿ ಕಟ್ಟಬಹುದು. ಆದರೆ ಆಕಾರ ಬೇರೆಯಾಗುತ್ತದೆ. ಹೂವು ಸಡಿಲವಾಗಿ, ಗಿಡದಲ್ಲಿದ್ದಂತೆ ನಿಲ್ಲುತ್ತದೆ. ಚಿತ್ರದಲ್ಲಿ ಕಾಣುವ ಇಂಚು ಜಾಗ ಬಿಡದ ಗೋಡೆ ಅದರಿಂದ ಬರುವುದಿಲ್ಲ.

ನನ್ನ ಬಳಿ ಬರುವವರು ಹೂವಿನ ಹೆಸರು ಹೇಳುತ್ತಾರೆ. ಬಣ್ಣ, ಗಾತ್ರ, ಸುವಾಸನೆ ಬೇಕೆ ಬೇಡವೆ, ಇಷ್ಟನ್ನು ಹೇಳಿದರೆ ಆ ವಾರ ಯಾವುದು ಚೆನ್ನಾಗಿ ಬಂದಿದೆಯೋ ಅದರಲ್ಲಿ ಕಟ್ಟಿಕೊಡಬಲ್ಲೆ. ಸುವಾಸನೆಯ ಮಾತನ್ನು ಯಾರೂ ಎತ್ತುವುದೇ ಇಲ್ಲ. ಚಿತ್ರಕ್ಕೆ ವಾಸನೆ ಇಲ್ಲವಲ್ಲ, ಅದಕ್ಕೇ ಇರಬೇಕು.

ಒಂದೇ ಚಿತ್ರ ಸಾಕು:

ಎಲ್ಲರೂ ನಕಲು ಎಂದರೆ ಅಪರಾಧ ಎಂಬಂತೆ ಮಾತನಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನನ್ನ ಮದುವೆ ನಿಶ್ಚಯವಾಗಿ ಏಳು ವಾರದಲ್ಲಿ ನಡೆಯಿತು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ಕಚೇರಿ, ಆಸ್ಪತ್ರೆ, ಮನೆ ಎಂದು ಓಡಾಡುತ್ತಿದ್ದ ನನಗೆ "ನನ್ನತನ" ಹುಡುಕುತ್ತ ಕೂರಲು ಬಿಡುವಿರಲಿಲ್ಲ. ಒಂದು ಚಿತ್ರ ಆರಿಸಿದೆ, ಒಬ್ಬರ ಕೈಗೆ ಕೊಟ್ಟೆ, "ಇದನ್ನೇ ಮಾಡಿ" ಎಂದೆ. ಅವರು ಹಾಗೆಯೇ ಮಾಡಿದರು. ಒಳಗೆ ಕಾಲಿಟ್ಟಾಗ ಕಣ್ಣು ತುಂಬಿತು. ಗಾಲಿಕುರ್ಚಿಯಲ್ಲಿ ಬಂದ ಅಪ್ಪ ಸುತ್ತ ನೋಡಿ "ಎಷ್ಟು ಚೆನ್ನಾಗಿದೆ ಮಗಳೇ" ಎಂದರು. ಅದು ಯಾರ ಕಲ್ಪನೆ ಎಂದು ಅವರು ಕೇಳಲಿಲ್ಲ. ನಾನು ಈಗಲೂ ಕೇಳಿಕೊಳ್ಳುವುದಿಲ್ಲ.

ಅಲಂಕಾರದ ಕೈ:

ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಕೆಲಸದ ಕಣ್ಣಿನಿಂದ ನೋಡಿದರೂ ನೀವು ಮಾಡಿದ್ದು ಸರಿ. ಒಂದೇ ಚಿತ್ರವನ್ನು ಇಡಿಯಾಗಿ ತೆಗೆದುಕೊಂಡರೆ ಅದನ್ನು ಕಟ್ಟಿದವರ ಲೆಕ್ಕಾಚಾರವೂ ಜೊತೆಗೆ ಬರುತ್ತದೆ. ಯಾವ ಬಣ್ಣ ಎಷ್ಟಿರಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬುದನ್ನೆಲ್ಲ ಅವರು ಮೊದಲೇ ಯೋಚಿಸಿರುತ್ತಾರೆ. ಕೆಡುವುದು ಹನ್ನೆರಡು ಚಿತ್ರಗಳಿಂದ ಒಂದೊಂದು ತುಂಡು ಕಿತ್ತು ಒಂದೇ ಜಾಗದಲ್ಲಿ ಇಟ್ಟಾಗ. ಇದರ ದೀಪ, ಅದರ ಬಟ್ಟೆ, ಮತ್ತೊಂದರ ಹೂವು. ಒಂದೊಂದೂ ಚೆಲುವೇ, ಆದರೆ ಕೂಡಿಸಿದರೆ ಗದ್ದಲ. ಬಿಡುವಿಲ್ಲದವರು ಧೈರ್ಯವಾಗಿ ಒಂದನ್ನೇ ನಕಲು ಮಾಡಿಸಿ. ಅಳತೆ ಮಾತ್ರ ನಿಮ್ಮ ಜಾಗಕ್ಕೆ ಹೊಂದಿಸಲು ಹೇಳಿ.

ಹಳೆ ಪುಟ:

ನಕಲಿನ ಕಥೆ ಮೊಬೈಲಿಗಿಂತ ಬಹಳ ಹಳೆಯದು. ಚಿತ್ರ ಹಂಚಿಕೊಳ್ಳುವ ಜಾಲತಾಣಗಳಾದ ಪಿಂಟರೆಸ್ಟ್, ಇನ್‌ಸ್ಟಾಗ್ರಾಂ ಎರಡೂ ಬಂದದ್ದು 2010ರಲ್ಲಿ. ವಿಕ್ಟೋರಿಯಾ ರಾಣಿಯ ಮದುವೆ ನಡೆದದ್ದು 1840ರಲ್ಲಿ. ಆಕೆ ಬಿಳಿ ಸ್ಯಾಟಿನ್ ಉಡುಪು ತೊಟ್ಟಿದ್ದಳು. ಬಿಳಿ ತೊಟ್ಟ ವಧುಗಳು ಮೊದಲೂ ಇದ್ದರು. ಆದರೆ ಆ ಮದುವೆಯ ಚಿತ್ರಗಳು ಊರೂರು ಹರಡಿ, ನಿಧಾನವಾಗಿ ಬಿಳಿಯೇ ವಧುವಿನ ಬಣ್ಣ ಎಂಬ ನಂಬಿಕೆ ಹಲವು ನಾಡುಗಳಲ್ಲಿ ಬೇರೂರಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ ಸಂಗತಿ. ಆಕೆಯ ಉಡುಪಿನ ಹೊನಿಟನ್ ಲೇಸ್ ಡೆವನ್ ಪ್ರಾಂತ್ಯದ ಹೆಂಗಸರು ಕೈಯಲ್ಲಿ ಹೆಣೆದದ್ದು. ಯಂತ್ರದ ಲೇಸ್ ಬಂದು ಅವರ ಕಸುಬು ಸೊರಗುತ್ತಿದ್ದ ಕಾಲ ಅದು. ಅವರಿಗೆ ಆಸರೆಯಾಗಲೆಂದೇ ರಾಣಿ ಅದನ್ನು ಆರಿಸಿದಳು. ತಲೆಗೆ ಕಿರೀಟದ ಬದಲು ಕಿತ್ತಳೆ ಹೂವಿನ ದಂಡೆ. ಅಂದರೆ ಮೂಲದಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು. ಆಮೇಲೆ ಜಗತ್ತಿಗೆ ಹರಡಿದ್ದು ಬಣ್ಣ ಮಾತ್ರ.

ಸೂಜಿ ದಾರ:

ಉಡುಪು ಹೊಲಿಯುವವನ ಮಾತೂ ಇರಲಿ. 1981ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ತನ್ನ ಮದುವೆಯಲ್ಲಿ ತೊಟ್ಟ ಉಡುಪಿನ ಹಿಂದೆ 25 ಅಡಿ ಉದ್ದದ ಸೆರಗು ಹರಿದಿತ್ತು. ರೇಷ್ಮೆಯ ಟ್ಯಾಫೆಟಾ ಬಟ್ಟೆ. ಗಾಜಿನ ಸಾರೋಟಿನೊಳಗೆ ಅಷ್ಟು ಬಟ್ಟೆಯನ್ನು ಮಡಚಿ ಕೂತು, ಇಳಿಯುವ ಹೊತ್ತಿಗೆ ಅದು ಸುಕ್ಕುಗಟ್ಟಿದ್ದನ್ನು ಲೋಕವೇ ಕಂಡಿತು. ಹೊಲಿದವರು ನುರಿತವರೇ, ಆದರೂ ಟ್ಯಾಫೆಟಾದ ಗುಣ ಟ್ಯಾಫೆಟಾದ್ದೇ. ಅದಾದ ಮೇಲೆ ಉಬ್ಬಿದ ತೋಳಿನ ಅದರ ನಕಲುಗಳು ವರ್ಷಗಟ್ಟಲೆ ಎಲ್ಲೆಲ್ಲೂ ಕಂಡವು. ಬೃಹತ್ ಕೆಥೆಡ್ರಲ್ಲಿಗೆ ಒಪ್ಪಿದ ಅಳತೆ ಸಣ್ಣ ಕೋಣೆಗಳಿಗೂ ನುಗ್ಗಿತು.

ಯಾರಾದರೂ ಚಿತ್ರ ತಂದು ತೋರಿಸಿದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ತೊಟ್ಟು ಕುಳಿತುಕೊಳ್ಳಬಲ್ಲಿರಾ? ಕೈ ಮೇಲೆತ್ತಿ ಅಪ್ಪಿಕೊಳ್ಳಬಲ್ಲಿರಾ? ಇನ್ನೊಬ್ಬರ ನೆರವಿಲ್ಲದೆ ಮೆಟ್ಟಿಲು ಇಳಿಯಬಲ್ಲಿರಾ? ಚಿತ್ರದಲ್ಲಿರುವಾಕೆ ಒಂದು ಕ್ಷಣ ನಿಂತಿದ್ದಾಳೆ, ಬೆನ್ನ ಹಿಂದೆ ಬಟ್ಟೆಯನ್ನು ಕ್ಲಿಪ್ಪಿನಿಂದ ಬಿಗಿದಿರುತ್ತಾರೆ. ನೀವು ಅದನ್ನು ಹತ್ತು ಗಂಟೆ ತೊಡಬೇಕು.

ಒಮ್ಮೆ ಒಬ್ಬಳು ಹುಡುಗಿ ಏನೂ ಚಿತ್ರ ತರದೆ ತನ್ನ ಅಜ್ಜಿಯ ಹಳೆಯ ಕಸೂತಿ ಬಟ್ಟೆಯ ಒಂದು ಅಂಚನ್ನು ತಂದಳು. ಅಂಗೈ ಅಗಲದ್ದು, ಮಡಿಕೆಯ ಗೆರೆಯಲ್ಲಿ ದಾರ ಸವೆದಿತ್ತು. ಹೊರಗೆ ಹೊಲಿದರೆ ಎಳೆ ಬಿಡುತ್ತಿತ್ತು. ತೆಳುವಾದ ಹತ್ತಿಯ ಮೇಲೆ ಕೂರಿಸಿ, ಸುತ್ತ ಸಣ್ಣ ಹೊಲಿಗೆ ಹಾಕಿ, ಎಡ ತೋಳಿನ ಒಳಭಾಗದಲ್ಲಿ ಮಣಿಕಟ್ಟಿನ ಬಳಿ ಇಟ್ಟೆ. ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಅಳತೆ ನೋಡಲು ತೊಟ್ಟಾಗ ಆಕೆ ಬಲಗೈ ಹೆಬ್ಬೆರಳಿನಿಂದ ಅದನ್ನು ಸವರುತ್ತ ನಿಂತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಬ್ಬರು ಹೆಣ್ಣುಮಕ್ಕಳ ತಾಯಿ:

ದೊಡ್ಡ ಮಗಳ ಮದುವೆಯಲ್ಲಿ ಚಿತ್ರ ನೋಡಿ ಪ್ರತಿ ಮೇಜಿನ ಮೇಲೂ ಎತ್ತರದ ಹೂದಾನಿ ಇಡಿಸಿದ್ದೆವು. ಹೂವು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು. ಎದುರಿಗೆ ಕುಳಿತವರ ಮುಖವೇ ಕಾಣದೆ ಜನ ಆಚೀಚೆ ಬಗ್ಗಿ ಬಗ್ಗಿ ಮಾತನಾಡಿದರು. ಅರ್ಧ ಗಂಟೆಯಲ್ಲಿ ಎಷ್ಟೋ ಹೂದಾನಿಗಳು ಮೇಜಿನ ಕೆಳಗೆ ಸೇರಿದ್ದವು. ಆಮೇಲೆ ತಿಳಿದವರು ಹೇಳಿದರು, ಮೇಜಿನ ಹೂವು 30 ಸೆಂಟಿಮೀಟರಿಗಿಂತ ತಗ್ಗಿನಲ್ಲಿರಬೇಕು, ಇಲ್ಲವೇ ತೆಳ್ಳನೆಯ ಕಾಂಡದ ಮೇಲೆ 60ಕ್ಕಿಂತ ಎತ್ತರದಲ್ಲಿರಬೇಕು ಎಂದು. ಚಿಕ್ಕವಳ ಮದುವೆಗೆ ಮೊದಲು ನಾನೇ ಒಂದು ಕುರ್ಚಿಯಲ್ಲಿ ಕೂತು ನೋಡಿದೆ. ಮದುಮಗಳೇ, ನೀನೂ ಎಲ್ಲ ಕಡೆ ಒಮ್ಮೆ ಕೂತು ನೋಡಮ್ಮ. ನಿಂತು ನೋಡಿದ್ದಕ್ಕೂ ಕೂತು ನೋಡಿದ್ದಕ್ಕೂ ತುಂಬಾ ವ್ಯತ್ಯಾಸವಿದೆ.

ಬೆಳಕಿನ ಬೆನ್ನು:

ನಾನು ಛಾಯಾಗ್ರಾಹಕ. ನೀವು ನಕಲು ಮಾಡಲು ಹೊರಟಿರುವುದು ಅಲಂಕಾರವನ್ನಲ್ಲ, ನನ್ನಂಥವರು ಲೆನ್ಸಿನಿಂದ ಮಾಡಿದ ಕೆಲಸವನ್ನು. 85 ಮಿಲಿಮೀಟರ್ ಲೆನ್ಸ್ ಹಾಕಿ ದೂರದಿಂದ ತೆಗೆದರೆ ಹಿಂದೆ ಮುಂದೆ ಇರುವ ಹೂವುಗಳೆಲ್ಲ ಒತ್ತಿಕೊಂಡು ದಟ್ಟವಾಗಿ ಕಾಣುತ್ತವೆ. 16 ಮಿಲಿಮೀಟರಿನ ಅಗಲ ಲೆನ್ಸ್ ಇಕ್ಕಟ್ಟಾದ ಕೋಣೆಯನ್ನೂ ಅರಮನೆ ಮಾಡುತ್ತದೆ. ದೂರದ ಸಣ್ಣ ದೀಪಗಳು ಮಸುಕಾಗಿ ಚಿನ್ನದ ಬಿಲ್ಲೆಗಳಂತೆ ಕಾಣುವುದು ಲೆನ್ಸಿನ ಕಿಂಡಿ ಅಗಲವಾಗಿ ತೆರೆದಿರುವುದರಿಂದ. ಸಭೆಯಲ್ಲಿ ಕುಳಿತವರ ಬರಿಗಣ್ಣಿಗೆ ಅದು ಕಾಣಲಾರದು.

ಬಣ್ಣದ ವಿಷಯಕ್ಕೆ ಬಂದರೆ, ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತೇವೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. ಮೇಣದಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್, ಹಳದಿ ಬಲ್ಬು 2,700ರಿಂದ 3,000, ನಡುಹಗಲು ಸುಮಾರು 5,500. ಹಗಲಲ್ಲಿ ತೆಗೆದ ಚಿತ್ರದ ತಿಳಿ ಗುಲಾಬಿ ಬಣ್ಣವನ್ನು ರಾತ್ರಿಯ ಹಳದಿ ದೀಪದ ಕೆಳಗೆ ತಂದರೆ ಅದು ಗುಲಾಬಿಯಾಗಿ ಉಳಿಯುವುದಿಲ್ಲ. ಒಂದು ಬೆಳಕಿನಲ್ಲಿ ಹೊಂದಿದ ಎರಡು ಬಟ್ಟೆಗಳು ಇನ್ನೊಂದು ಬೆಳಕಿನಲ್ಲಿ ಜಗಳವಾಡುತ್ತವೆ. ಆದ್ದರಿಂದ ಬಟ್ಟೆಯ ತುಂಡನ್ನು ಸಭಾಂಗಣಕ್ಕೇ ಒಯ್ದು, ಮದುವೆ ನಡೆಯುವ ಹೊತ್ತಿನಲ್ಲಿಯೇ, ಅಲ್ಲಿನ ದೀಪ ಹಾಕಿಸಿ ನೋಡಿ. ಹಿಂದಿನ ಮತ್ತು ಮೇಲಿನ ಬಟ್ಟೆಯ ಬಣ್ಣ ಮುಖಕ್ಕೂ ಬಳಿಯುತ್ತದೆ ಎಂಬುದು ನೆನಪಿರಲಿ. ಹಸಿರು ಮೇಲ್ಛಾವಣಿಯ ಕೆಳಗೆ ನಗುವವರನ್ನೂ ಕಾಯಿಲೆಯವರಂತೆ ಕಾಣದ ಹಾಗೆ ತೆಗೆಯಲು ನಾನು ಹೆಣಗಿದ್ದೇನೆ.

ಕನ್ನಡಿಯ ಮುಂದೆ:

ಮೇಕಪ್ಪಿಗೂ ಇದೇ ಅನ್ವಯಿಸುತ್ತದೆ. ಫಿಲ್ಟರ್ ಹಾಕಿದ ಮುಖವನ್ನು ತೋರಿಸಿ ಅಂಥದ್ದೇ ಬೇಕೆಂದರೆ ಚರ್ಮದ ಮೇಲೆ ಅದು ಬರುವುದಿಲ್ಲ. ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಪೌಡರ್ ಕಣ್ಣಿಗೆ ಚೆನ್ನಾಗಿ ಕಂಡರೂ ಫ್ಲ್ಯಾಶ್ ಬೆಳಕಿನ ಚಿತ್ರದಲ್ಲಿ ಬೆಳ್ಳಗೆ ಮೆತ್ತಿದಂತೆ ಕಾಣಬಹುದು. ಮೊದಲೇ ಒಂದು ದಿನ ಹಚ್ಚಿಸಿಕೊಂಡು, ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆದು ನೋಡಿ.

ಮದುಮಗಳು:

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲವನ್ನೂ ಎರಡೆರಡು ಸಲ ಓದಿದೆ. ಒಂದು ಸಂದೇಹ. ಗೆಳತಿಯರು "ನಿಮ್ಮಿಬ್ಬರ ಹೆಸರಿನ ದೀಪದ ಫಲಕ ಮಾಡಿಸು, ಕರವಸ್ತ್ರದ ಮೇಲೂ ಮೊದಲಕ್ಷರ ಹಾಕಿಸು, ಆಗ ನಿಮ್ಮದೇ ಆಗುತ್ತದೆ" ಎನ್ನುತ್ತಿದ್ದಾರೆ. ಅದು ಸರಿಯೇ?

ಅಲಂಕಾರದ ಕೈ:

ಇಷ್ಟವಿದ್ದರೆ ಹಾಕಿಸಿ. ಆದರೆ ಹೆಸರು ಬದಲಿಸಿದರೆ ನಾಳೆ ಇನ್ನೊಬ್ಬರ ಮದುವೆಗೂ ಅದೇ ಫಲಕ ಸರಿಹೋಗುತ್ತದೆ. ಇದನ್ನು ನಾನು ನಿಮ್ಮದು ಎಂದು ಕರೆಯಲಾರೆ. ಬೇರೆ ಒಂದು ಕೆಲಸ ಕೊಡುತ್ತೇನೆ. ಆ 412 ಚಿತ್ರಗಳನ್ನು ಮತ್ತೆ ತೆರೆಯಿರಿ. ಒಂದೊಂದರ ಕೆಳಗೂ, ಅದನ್ನು ಉಳಿಸಿಟ್ಟ ಕ್ಷಣದಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿ ನಿಂತಿತು ಎಂದು ಎರಡು ಪದ ಬರೆಯಿರಿ. ಹೂವು, ಬಟ್ಟೆ ಎಂದಲ್ಲ. ನೆರಳು, ನಗು, ಖಾಲಿ ಜಾಗ, ಮರದ ಬಣ್ಣ, ಏನೇ ಇರಲಿ. ಏನೂ ಹೊಳೆಯದಿದ್ದರೆ ಅಳಿಸಿಬಿಡಿ. ಉಳಿದವುಗಳಲ್ಲಿ ಯಾವ ಪದ ಮತ್ತೆ ಮತ್ತೆ ಬಂದಿದೆ ನೋಡಿ.

ಮದುಮಗ:

ಅಕ್ಕ, ನಾನು ಈ ಮದುಮಗಳನ್ನು ಮದುವೆಯಾಗುವವನು. ಇಬ್ಬರೂ ಕೂತು ಬರೆಯುತ್ತಿದ್ದೇವೆ. ಇಷ್ಟು ದಿನ "ನಿನ್ನಿಷ್ಟ" ಎಂದು ಹೇಳುವುದೇ ಸಹಕಾರ ಎಂದುಕೊಂಡಿದ್ದೆ. ಒಬ್ಬಳೇ ಹೊತ್ತುಕೊಳ್ಳುವಂತೆ ಮಾಡಿದ್ದೆ ಎಂದು ಈಗ ಅರಿವಾಗುತ್ತಿದೆ.

ಮದುಮಗಳು:

ನಾಲ್ಕು ಸಂಜೆ ಹಿಡಿಯಿತು. 412ರಲ್ಲಿ 240 ಅಳಿಸಿದೆವು, ಯಾಕೆ ಉಳಿಸಿದ್ದೆ ಎಂದು ಒಂದು ಪದವೂ ಹೊಳೆಯಲಿಲ್ಲ. ಉಳಿದ 172ರಲ್ಲಿ 61ರ ಕೆಳಗೆ ನಾನು ಬರೆದ ಪದ ಒಂದೇ, "ಕಿಟಕಿ". ಒಂದರಲ್ಲಿ ಹೂವಿನ ಹಿಂದೆ ಕಿಟಕಿ, ಇನ್ನೊಂದರಲ್ಲಿ ನೆಲದ ಮೇಲೆ ಕಿಟಕಿಯ ಬೆಳಕಿನ ಚೌಕ. ಇವರ ಕಡೆಯಿಂದ ಹೆಚ್ಚು ಬಂದದ್ದು "ಜನ ಹತ್ತಿರ ಕುಳಿತಿದ್ದಾರೆ" ಎಂಬುದು. ನಾನು ಆರಿಸಿದ ಹನ್ನೆರಡರಲ್ಲಿ ಇಲ್ಲದೇ ಇದ್ದದ್ದು ಅದೇ.

ನಮ್ಮ ಸಭಾಂಗಣದ ಪಶ್ಚಿಮದ ಗೋಡೆಯಲ್ಲಿ ಆಳೆತ್ತರದ ಐದು ಕಿಟಕಿಗಳಿವೆ. ಏಳನೆಯ ಚಿತ್ರದಂತೆ ಮಾಡಿಸಿದ್ದರೆ ಆ ಐದನ್ನೂ ಕೆನೆಬಣ್ಣದ ಬಟ್ಟೆಯಿಂದ ಮುಚ್ಚಿಸುತ್ತಿದ್ದೆ. ಅಲಂಕಾರದವರು "ಒಪ್ಪುವುದಿಲ್ಲ" ಎಂದದ್ದು ಅದಕ್ಕೇ ಎಂದು ಈಗ ತಿಳಿಯಿತು.

ನಿನ್ನೆ ಸಂಜೆ ಇಬ್ಬರೂ ಅಲ್ಲಿಗೆ ಹೋಗಿದ್ದೆವು. ಇಲ್ಲಿ ಇಬ್ಬರು ಹೆಣ್ಣುಮಕ್ಕಳ ತಾಯಿ ಹೇಳಿದಂತೆ ಎಲ್ಲ ಕಡೆ ಕುರ್ಚಿ ಹಾಕಿಕೊಂಡು ಕೂತು ನೋಡಿದೆವು. ಐದೂವರೆಗೆ ಬಿಸಿಲು ಮೊದಲ ಕಿಟಕಿಯಿಂದ ಒಳಗೆ ಬಂತು. ಇವರು ಬಿಳಿ ಹೊದಿಕೆಯೊಂದನ್ನು ಹಿಡಿದು ಜಾಗದಿಂದ ಜಾಗಕ್ಕೆ ಸರಿಯುತ್ತ ಹೋದರು, ನಾನು ದೂರದಲ್ಲಿ ನಿಂತು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತ ಬಂದೆ. ಆರಕ್ಕೆ ಹತ್ತು ನಿಮಿಷ ಇರುವಾಗ ಬೆಳಕು ಮೂರನೆಯ ಕಿಟಕಿಯಿಂದ ಹೊದಿಕೆಯ ಮೇಲೂ ಇವರ ಮುಖದ ಮೇಲೂ ಒಟ್ಟಿಗೆ ಬಿತ್ತು. ಐದು ತಿಂಗಳ ನಂತರ ಸೂರ್ಯ ಬೇರೆ ಕಡೆ ಇಳಿಯುತ್ತಾನೆ, ಗೊತ್ತು. ಆದ್ದರಿಂದ ಮದುವೆಗೆ ಒಂದು ವಾರ ಮೊದಲು ಮತ್ತೆ ಸೀಮೆಸುಣ್ಣ ಹಿಡಿದು ಹೋಗುತ್ತೇವೆ. ವೇದಿಕೆ ಎಲ್ಲಿ ಎಂಬುದನ್ನು ಅಂದೇ ಗೊತ್ತು ಮಾಡೋಣ ಎಂದು ಅಲಂಕಾರದವರೂ ಒಪ್ಪಿದ್ದಾರೆ.

ಹೂವಾಡಿಗ ಅಣ್ಣನವರೇ, ಹೂವು ಕಿಟಕಿಯ ಕಟ್ಟೆಗಳ ಮೇಲೆ ಮಾತ್ರ ಇರಲಿ ಎಂದುಕೊಂಡಿದ್ದೇವೆ. ಫೋಮ್ ಬೇಡ. ಬಿಳಿ ಬಣ್ಣ, ಸಣ್ಣ ಗಾತ್ರ, ಸುವಾಸನೆ ಇರಲೇಬೇಕು. ಪಶ್ಚಿಮದ ಬಿಸಿಲಿಗೆ ಎರಡು ಗಂಟೆ ಬಾಡದೆ ನಿಲ್ಲುವಂಥದ್ದು ಯಾವುದಿದೆ?

ಹೂವಾಡಿಗ:

ತಿಂಗಳು ಯಾವುದು ಎಂದು ಹೇಳಿ ತಂಗಿ. ಕಟ್ಟೆಯ ಅಗಲ ಎಷ್ಟಿದೆ ಎಂಬುದನ್ನೂ ಅಳೆದು ತಿಳಿಸಿ, ನೀರಿನ ಪಾತ್ರೆ ಕೂರಬೇಕಲ್ಲ.